ಹಂದರದಲ್ಲಿ ಯಾರೂ ಕೇಳದ ಮಾತು

ನಮ್ಮ ಕಡೆ ಮದುವೆಯ ಸುಗ್ಗಿ ಶುರುವಾಗುವುದು ಯುಗಾದಿ ಮುಗಿದ ಮೇಲೆ. ಹತ್ತಿ, ತೊಗರಿ ಮಾರಿದ ದುಡ್ಡು ಸಾಲಕ್ಕೆ ಹೋಗಿ ಉಳಿದಷ್ಟು ಕೈಯಲ್ಲಿರುತ್ತದೆ. ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋದವರು ಊರಿಗೆ ಬಂದಿರುತ್ತಾರೆ. ಯಾದಗಿರಿಯಿಂದ ಶಹಾಪುರಕ್ಕೆ, ಅಲ್ಲಿಂದ ಸುರಪುರಕ್ಕೆ ಹೋಗುವ ದಾರಿಯುದ್ದಕ್ಕೂ ಏಪ್ರಿಲ್, ಮೇ ತಿಂಗಳಲ್ಲಿ ಹಂದರಗಳು ಎದ್ದಿರುತ್ತವೆ. ಎಷ್ಟೋ ಹಂದರಗಳಲ್ಲಿ ಮದುವೆ ಒಂದಲ್ಲ, ಎರಡು. ಲಗ್ನಪತ್ರಿಕೆಯಲ್ಲಿ ದೊಡ್ಡ ಮಗಳ ಹೆಸರಷ್ಟೇ ಅಚ್ಚಾಗಿರುತ್ತದೆ. ಅಕ್ಕನ ಜೊತೆ ಅರಿಶಿಣ ಹಚ್ಚಿಸಿಕೊಂಡು ಕುಳಿತ ತಂಗಿಗೆ ಹದಿನೈದೋ ಹದಿನಾರೋ. ಅದೇ ಬಾಣಸಿಗರು, ಅದೇ ಬಾಜಾ, ಅದೇ ಅಡುಗೆ. ಒಂದೇ ಖರ್ಚಿನಲ್ಲಿ ಇಬ್ಬರದೂ ಮುಗಿಯಿತು ಅನ್ನುವ ನಿರಾಳ ಅಪ್ಪನ ಮುಖದ ಮೇಲೆ ಕಾಣುತ್ತದೆ. ಅವನನ್ನು ಬೈಯುವುದು ಸುಲಭ. ಆದರೆ ಅವನ ಸಾಲದ ಲೆಕ್ಕ ಗೊತ್ತಿದ್ದವರಿಗೆ ಬಾಯಿ ಬರುವುದಿಲ್ಲ.

ಒತ್ತಾಯದ ಮದುವೆ, ಮರ್ಯಾದೆಯ ಹೆಸರಿನ ಹಿಂಸೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಹರಿಯಾಣದ ಖಾಪ್ ಪಂಚಾಯಿತಿ, ಇಲ್ಲವೇ ಟಿವಿಯಲ್ಲಿ ಕಂಡ ಕೊಲೆ. ಯಾದಗಿರಿ ಸೀಮೆಯಲ್ಲಿ ಒತ್ತಾಯ ಬರುವುದು ಕೊಡಲಿ ಹಿಡಿದು ಅಲ್ಲ. ಅದು ಅಳುತ್ತಾ ಬರುತ್ತದೆ. ಅಡುಗೆ ಮನೆಯ ಮೂಲೆಯಲ್ಲಿ ತಾಯಿ ಮಗಳ ಗದ್ದ ಹಿಡಿದು, "ಯವ್ವಾ, ನಿನಗ ಕೈ ಮುಗಿತೀನಿ. ಮಾತ ಕೊಟ್ಟೀವಿ. ನಿಮ್ಮಪ್ಪನ ಮಾರಿ ನೋಡು, ನಾಳಿ ಊರಾಗ ಹ್ಯಾಂಗ ತಲಿ ಎತ್ತಿ ಅಡ್ಡಾಡಬೇಕು?" ಅನ್ನುತ್ತಾಳೆ. ಅಜ್ಜಿ ಎರಡು ದಿನ ಊಟ ಬಿಡುತ್ತಾಳೆ. ಅಣ್ಣ ಮಾತು ಬಿಡುತ್ತಾನೆ, ಫೋನ್ ಕಸಿಯುತ್ತಾನೆ. ಮೂರನೆಯ ದಿನ ಹುಡುಗಿ ತಲೆ ಬಗ್ಗಿಸಿ ಸುಮ್ಮನಾಗುತ್ತಾಳೆ. ಆ ಮೌನವನ್ನು ಮನೆಯವರು "ಒಪ್ಪಿಗಿ" ಎಂದು ಬೀಗರಿಗೆ ಹೇಳಿ ಕಳಿಸುತ್ತಾರೆ. ಯಾರೂ ಹೊಡೆದಿಲ್ಲ, ಕಟ್ಟಿ ಹಾಕಿಲ್ಲ. ಆದರೆ "ನಿನಗೆ ಮನಸ್ಸು ಅದ ಏನು?" ಎಂದು ಯಾರೂ ಕೇಳಿಯೂ ಇಲ್ಲ.

ಈ ಲೇಖನದಲ್ಲಿ ನಾನು ಹಿಂಬಾಲಿಸುವುದು ಆ ಒಂದೇ ಪ್ರಶ್ನೆಯನ್ನು. ಅದನ್ನು ಮನೆ ಕೇಳುವುದಿಲ್ಲ, ದೈವದವರು ಕೇಳುವುದಿಲ್ಲ, ಅಯ್ಯನವರು ಕೇಳುವುದಿಲ್ಲ. ಸರ್ಕಾರ ಕೇಳುವುದು ಇನ್ನೊಂದು ಪ್ರಶ್ನೆ: ಹದಿನೆಂಟು ತುಂಬಿದೆಯೇ?

ಕೇಳದಿರುವುದಕ್ಕೆ ನಮ್ಮಲ್ಲಿ ಹಳೆಯ ಕಾರಣವೊಂದಿದೆ. ಹೆಣ್ಣು ಮಗು ಹುಟ್ಟಿದಾಗಲೇ ಸೋದರಮಾವನಿಗೋ ಅತ್ತೆಯ ಮಗನಿಗೋ ಮಾತಾಗಿರುತ್ತದೆ. ತೊಟ್ಟಿಲ ಶಾಸ್ತ್ರದ ದಿನವೇ "ನನ್ನ ಸೊಸಿ" ಎಂದು ಕರೆಯಲು ಶುರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ರಕ್ತಸಂಬಂಧದಲ್ಲೇ ಮದುವೆಯಾದ ಹೆಣ್ಣುಮಕ್ಕಳು ಶೇ 27ರಷ್ಟು; ತಮಿಳುನಾಡು ಬಿಟ್ಟರೆ ದೇಶದಲ್ಲಿ ನಾವೇ ಮುಂದೆ. ಇದರಲ್ಲಿ ಒಳ್ಳೆಯದೂ ಇದೆ ಎಂದು ನಮ್ಮ ಹೆಣ್ಣುಮಕ್ಕಳೇ ಹೇಳುತ್ತಾರೆ: ಅತ್ತೆ ಅಂದರೆ ಅಪ್ಪನ ಅಕ್ಕ, ಕಣ್ಣೀರು ಹಾಕಿದರೆ ಒರೆಸುವವರು ಇರುತ್ತಾರೆ, ಹೊಲ ಹೊರಗೆ ಹೋಗುವುದಿಲ್ಲ, ವರದಕ್ಷಿಣೆಯ ಕಾಟ ಕಡಿಮೆ. ನಿಜ ಇರಬಹುದು. ಆದರೆ ಬೇಡ ಅನ್ನುವ ಹುಡುಗಿಗೆ ಇದೇ ಬಲೆ. ಹೊರಗಿನ ಗಂಡನ್ನು ನಿರಾಕರಿಸಿದರೆ ಒಂದು ಸಂಬಂಧ ತಪ್ಪುತ್ತದೆ. ಸೋದರಮಾವನನ್ನು ನಿರಾಕರಿಸಿದರೆ ಅವ್ವನ ತವರೇ ಮುರಿಯುತ್ತದೆ. ಅವ್ವ ಕೈ ಮುಗಿಯುವುದು ಮಗಳ ಬಾಳು ಹಾಳು ಮಾಡಬೇಕೆಂದಲ್ಲ, ತನ್ನ ತವರಿನ ಬಾಗಿಲು ಮುಚ್ಚುತ್ತದೆಂದು. ಹೀಗೆ ಒಬ್ಬ ಹೆಣ್ಣಿನ ಭಯವನ್ನು ಇನ್ನೊಬ್ಬ ಹೆಣ್ಣಿನ ಕೊರಳಿಗೆ ಕಟ್ಟಲಾಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಬಾಲ್ಯವಿವಾಹದ ಬಗ್ಗೆ ತೀರ್ಪು ಕೊಡುವಾಗ, ಎಳೆ ಮಕ್ಕಳಿಗೆ ನಿಶ್ಚಯ ಮಾಡಿಡುವುದರ ಬಗ್ಗೆ ನಮ್ಮ ಕಾಯ್ದೆ ಏನೂ ಹೇಳುವುದಿಲ್ಲ ಎಂದು ಎತ್ತಿ ತೋರಿಸಿತು. ತೊಟ್ಟಿಲ ಮಾತಿನ ಸೀಮೆಯವರಾದ ನಾವು ಆ ಸಾಲನ್ನು ಗಮನವಿಟ್ಟು ಓದಬೇಕು.

ಸ್ವಲ್ಪ ಹಿಂದಿನ ಕಥೆ. ಬಾಲ್ಯವಿವಾಹ ತಡೆಯುವ 1929ರ ಶಾರದಾ ಕಾಯ್ದೆ ಬ್ರಿಟಿಷ್ ಇಂಡಿಯಾಕ್ಕಷ್ಟೇ ಅನ್ವಯವಾಗಿತ್ತು. ಮೈಸೂರು ಸಂಸ್ಥಾನ 1894ರಷ್ಟು ಹಿಂದೆಯೇ, ಎಂಟು ತುಂಬದ ಹೆಣ್ಣುಮಕ್ಕಳ ಮದುವೆ ತಡೆಯುವ ಕಾನೂನು ಮಾಡಿಕೊಂಡಿತ್ತು. ಯಾದಗಿರಿ, ಶಹಾಪುರ, ಸುರಪುರ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಕೈಯಲ್ಲಿದ್ದವು. ಕಾನೂನು ಎಂಬುದು ಮದುವೆ ಮನೆಗೆ ಕಾಲಿಡಬಹುದು ಎನ್ನುವ ಕಲ್ಪನೆಯೇ ಇಲ್ಲಿಗೆ ತಡವಾಗಿ ಬಂತು. ಶಾಲೆಯೂ ತಡವಾಗಿಯೇ ಬಂತು. 2009ರ ಡಿಸೆಂಬರ್ 30ರಂದು ಗುಲಬರ್ಗಾದಿಂದ ಬೇರೆಯಾಗಿ ಯಾದಗಿರಿ ರಾಜ್ಯದ 30ನೇ ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ನಮ್ಮ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡಿಮೆ. ಹೆಣ್ಣುಮಕ್ಕಳಲ್ಲಿ ಓದು ಬರುವವರು ನೂರಕ್ಕೆ ಸುಮಾರು 41. ಹಿಂದುಳಿದ ಈ ಭಾಗಕ್ಕೆಂದು ಸಂವಿಧಾನದ 371(ಜೆ) ಬಂತು, ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂತು. ಆದರೂ 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಜಿಲ್ಲೆಗೆ ಮತ್ತೆ ಕೊನೆಯ ಸ್ಥಾನ, ಶೇ 50.59.

ಈ ಅಂಕಿಗೂ ಹಂದರಕ್ಕೂ ನೇರ ನಂಟಿದೆ. ಫಲಿತಾಂಶ ಬರುವುದು ಮೇ ತಿಂಗಳಲ್ಲಿ, ಮದುವೆಯ ಸುಗ್ಗಿಯ ನಡುವೆ. ಗಂಡು ಹುಡುಗ ನಪಾಸಾದರೆ ಬೆಂಗಳೂರಿನ ಗಾರೆ ಕೆಲಸಕ್ಕೆ ಹೋಗುತ್ತಾನೆ. ಹೆಣ್ಣು ಹುಡುಗಿ ನಪಾಸಾದರೆ ವರ ಬರುತ್ತಾನೆ. ನಾರಾಯಣಪುರದ ಬಸವಸಾಗರದ ನೀರು ಕಾಲುವೆಗೆ ಬಂದ ಮೇಲೆ ಈ ಭಾಗದಲ್ಲಿ ಬೆಳೆ ಹೆಚ್ಚಾಯಿತು, ಹತ್ತಿ ಹೊಲದಲ್ಲಿ ಹುಡುಗಿಯರ ಕೈಗೆ ಕೂಲಿಯೂ ಹೆಚ್ಚಾಯಿತು. ಶಾಲೆ ತಪ್ಪಿಸಿ ಹೊಲಕ್ಕೆ ಹೋದ ಹುಡುಗಿ ಹಾಜರಾತಿ ಪುಸ್ತಕದಿಂದ ಮೊದಲು ಮಾಯವಾಗುತ್ತಾಳೆ, ಆಮೇಲೆ ಊರಿನಿಂದ. ಇನ್ನೊಂದು ಕಾರಣ ಭಯ. 2025ರ ಆಗಸ್ಟ್‌ನಲ್ಲಿ ಶಹಾಪುರದ ವಸತಿ ಶಾಲೆಯೊಂದರಲ್ಲಿ 9ನೇ ತರಗತಿಯ ಹುಡುಗಿಗೆ ಹೆರಿಗೆಯಾದ ಸುದ್ದಿ ರಾಜ್ಯವನ್ನೇ ತಲ್ಲಣಗೊಳಿಸಿತು. ಇಂಥ ಸುದ್ದಿ ಬಂದಾಗ ನಮ್ಮ ಹಳ್ಳಿಗಳ ಕಟ್ಟೆಯ ಮೇಲೆ "ಹೆಣ್ಣ ಹುಡುಗರನ್ನ ಸಾಲಿಗಿ ಕಳಿಸಿದ್ರ ಹಿಂಗ" ಎಂಬ ಮಾತು ಏಳುತ್ತದೆ. ಆ ಮಗುವಿನ ಮೇಲೆ ಕೈ ಮಾಡಿದವನ ಬಗ್ಗೆ ಅಷ್ಟು ಮಾತು ಏಳುವುದಿಲ್ಲ. ಶಾಲೆಯನ್ನು ಭದ್ರ ಮಾಡಬೇಕಾದವರು ಮಾಡದೆ ಹೋದರೆ ತಂದೆತಾಯಿ ಹುಡುಗಿಗೆ ತಾಳಿ ಕಟ್ಟಿಸಿ ಭದ್ರತೆ ಹುಡುಕುತ್ತಾರೆ. ಇದು ಮೂಢತನ ಎಂದು ತಳ್ಳಿಹಾಕಿದರೆ ಸಮಸ್ಯೆ ಅರ್ಥವಾಗುವುದಿಲ್ಲ.

ಕೇಳದೆ ಕಟ್ಟುವ ಇನ್ನೊಂದು ಕಟ್ಟು ಮುತ್ತಿನದು. ದೇವರ ಹೆಸರಿನಲ್ಲಿ ಮುತ್ತು ಕಟ್ಟುವುದನ್ನು 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಅಪರಾಧ ಎಂದಿತು. ಆದರೂ 1993–94 ಮತ್ತು 2007–08ರ ಎರಡು ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಒಟ್ಟು 46,660 ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು, ಬಹುತೇಕ ಎಲ್ಲರೂ ಉತ್ತರದ ಜಿಲ್ಲೆಗಳ ದಲಿತ ಹೆಣ್ಣುಮಕ್ಕಳು. ಒತ್ತಾಯದ ಮದುವೆಯ ಚರ್ಚೆಯಲ್ಲಿ ಇವರನ್ನು ಯಾರೂ ಸೇರಿಸುವುದಿಲ್ಲ. ದೇವರ ಜೊತೆಗಾದ ಲಗ್ನವೂ ಲಗ್ನವೇ, ಅದರಲ್ಲೂ ಮನೆಗೆ ಗಂಡು ಸಂತಾನ ಇಲ್ಲವೆಂದೋ ತಲೆಯಲ್ಲಿ ಜಡೆ ಬಂತೆಂದೋ ತೀರ್ಮಾನ ಮಾಡಿದವರು ಹಿರಿಯರೇ. 2025ರಲ್ಲಿ ವಿಧಾನಮಂಡಲ ಹೊಸ ಮಸೂದೆ ಅಂಗೀಕರಿಸಿ, ಈ ತಾಯಂದಿರ ಮಕ್ಕಳು ಅರ್ಜಿಗಳಲ್ಲಿ ತಂದೆಯ ಹೆಸರು ಬರೆಯಲೇಬೇಕೆಂಬ ಒತ್ತಾಯ ತೆಗೆಯಲು ಹೊರಟಿತು. ಒಂದು ತಲೆಮಾರಿನ ಮಕ್ಕಳು ಶಾಲೆಯ ಅರ್ಜಿಯಲ್ಲಿ ಆ ಖಾಲಿ ಜಾಗದ ಮುಂದೆ ಪೆನ್ನು ಹಿಡಿದು ಕುಳಿತದ್ದನ್ನು ನೆನೆದರೆ ಎಷ್ಟು ತಡವಾಯಿತು ಅನ್ನಿಸುತ್ತದೆ.

ಇನ್ನು ರಕ್ತದ ಮಾತು. ಉತ್ತರ ಕರ್ನಾಟಕದಲ್ಲಿ ನಡೆದ ಮೂರು ಕೊಲೆ ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದೇನೆ. 2017ರ ಜೂನ್‌ನಲ್ಲಿ ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ ತಾಲ್ಲೂಕಿನ ಗುಂಡಕನಾಳ. ಹುಣಸಗಿ ದಾಟಿ ತಾಳಿಕೋಟೆಯ ಕಡೆ ಹೋದರೆ ಅದೇ ಸೀಮೆ. 2019ರ ನವೆಂಬರ್‌ನಲ್ಲಿ ಗದಗ ಜಿಲ್ಲೆಯ ಗಜೇಂದ್ರಗಡ ತಾಲ್ಲೂಕಿನ ಲಕ್ಕಲಕಟ್ಟಿ. 2025ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿ ತಾಲ್ಲೂಕಿನ ಇನಾಂ ವೀರಾಪುರ. ಮೊದಲನೆಯದರಲ್ಲಿ ಹುಡುಗಿ ಮುಸ್ಲಿಂ, ಎರಡನೆಯದರಲ್ಲಿ ಲಂಬಾಣಿ, ಮೂರನೆಯದರಲ್ಲಿ ಲಿಂಗಾಯತ. ಮೂರರಲ್ಲೂ ಹುಡುಗ ದಲಿತ. ಮರ್ಯಾದೆ ಹೆಸರಿನ ಕೊಲೆ ಯಾವುದೋ ಒಂದು ಧರ್ಮದ ರೋಗ ಎನ್ನುವವರು ಈ ಪಟ್ಟಿಯನ್ನು ಎರಡು ಸಲ ಓದಬೇಕು. ಲಂಬಾಣಿಗರೂ ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿಯ ಪಟ್ಟಿಯಲ್ಲೇ ಇದ್ದಾರೆ. ತುಳಿಸಿಕೊಂಡವರೂ ತಮಗಿಂತ ಕೆಳಗೆ ಇನ್ನೊಂದು ಮೆಟ್ಟಿಲು ಹುಡುಕಿಕೊಂಡು ಅದನ್ನು ಮಗಳ ಹೆಣದಿಂದ ಕಾಯುತ್ತಾರೆ.

ಮೂರರಲ್ಲೂ ಇನ್ನೊಂದು ಸಾಮ್ಯವಿದೆ. ನನ್ನನ್ನು ಹೆಚ್ಚು ಕಾಡಿದ್ದು ಅದು. ಈ ಹೆಣ್ಣುಮಕ್ಕಳು ಸತ್ತದ್ದು ಮನೆ ಬಿಟ್ಟು ಹೋದಾಗ ಅಲ್ಲ, ತಿರುಗಿ ಬಂದಾಗ. ಗುಂಡಕನಾಳದ ಹುಡುಗಿ ಗೋವಾದಲ್ಲಿ ಸಂಸಾರ ಹೂಡಿ, ಬಸುರಿಯಾದ ಮೇಲೆ ಊರಿಗೆ ಬಂದಳು. ಮೊಮ್ಮಗು ಬರುತ್ತದೆಂದರೆ ಮನೆಯವರ ಮನಸ್ಸು ಕರಗೀತು ಎಂಬ ಆಸೆ. ಇನಾಂ ವೀರಾಪುರದವಳೂ ಬಸುರಿಯಾಗಿ ಊರಿಗೆ ಮರಳಿದ್ದಳು. ಲಕ್ಕಲಕಟ್ಟಿಯ ಜೋಡಿ ಮದುವೆಯಾಗಿ ಕೆಲವು ವರ್ಷಗಳೇ ಕಳೆದಿದ್ದವು. ಊರು ಮರೆತಿರಬಹುದು ಅಂದುಕೊಂಡಿದ್ದರು. ಬಸುರಿ ಮಗಳಿಗೆ ತವರಲ್ಲಿ ಕುಬುಸ ಮಾಡಿ ಮಡಿಲು ತುಂಬುವುದು ನಮ್ಮ ಪದ್ಧತಿ. ಆ ಪದ್ಧತಿಯನ್ನೇ ನಂಬಿ ಬಂದವರನ್ನು ಕೊಂದರು. ಲಕ್ಕಲಕಟ್ಟಿ ಪ್ರಕರಣದಲ್ಲಿ 2025ರ ಜನವರಿಯಲ್ಲಿ ಗದಗ ನ್ಯಾಯಾಲಯ ನಾಲ್ವರಿಗೆ ಮರಣದಂಡನೆ ವಿಧಿಸಿತು. ಅದೇ ವರ್ಷದ ಕೊನೆಗೆ ಇನಾಂ ವೀರಾಪುರ ಆಯಿತು. ನೇಣಿನ ಹೆದರಿಕೆ ಅಷ್ಟು ದೂರ ಮುಟ್ಟಲಿಲ್ಲ.

ಯಾದಗಿರಿ ಜಿಲ್ಲೆಯಲ್ಲಿ ಮರ್ಯಾದೆ ಬೇರೊಂದು ರೂಪ ತಾಳಿದ್ದನ್ನು 2024ರಲ್ಲಿ ಕಂಡೆವು. ಹುಣಸಗಿ ತಾಲ್ಲೂಕಿನ ಒಂದು ಊರಿನಲ್ಲಿ 15 ವರ್ಷದ ದಲಿತ ಹುಡುಗಿಯನ್ನು ಮದುವೆಯ ಆಸೆ ತೋರಿಸಿ ಮೇಲ್ಜಾತಿಯ ಯುವಕನೊಬ್ಬ ಬಸುರಿ ಮಾಡಿದ. ರಾಜಿ ಮಾಡಿಕೊಳ್ಳಿ ಎಂದವರ ಮಾತನ್ನು ಮನೆಯವರು ಕೇಳಲಿಲ್ಲ, ಪೋಕ್ಸೊ ಅಡಿ ದೂರು ಕೊಟ್ಟರು, ಬಂಧನವೂ ಆಯಿತು. ಆಗ ಊರಿನ ಮೇಲ್ಜಾತಿಯವರು ದಲಿತರ ಸುಮಾರು 50 ಮನೆಗಳಿಗೆ ಬಹಿಷ್ಕಾರ ಹಾಕಿದರು. ಕಿರಾಣಿ ಕೊಡಲಿಲ್ಲ, ಮಕ್ಕಳಿಗೆ ಪೆನ್ನು, ನೋಟ್‌ಬುಕ್ಕು ಕೂಡ ಕೊಡಲಿಲ್ಲ ಎಂದು ಪತ್ರಿಕೆಗಳಲ್ಲಿ ಬಂತು. ಹುಡುಗನ ಜಾತಿಯವರ ಪ್ರಕಾರ ಮಾನ ಹೋದದ್ದು ಮಗುವಿನ ಮೇಲೆ ಅತ್ಯಾಚಾರವಾದಾಗ ಅಲ್ಲ, ಠಾಣೆಗೆ ಹೋದಾಗ. ಮರ್ಯಾದೆ ಎಂಬುದು ಯಾರ ಸ್ವತ್ತು, ಅದು ಯಾವಾಗ ಕಳೆಯುತ್ತದೆ ಎಂದು ತೀರ್ಮಾನಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನು ತಿಳಿಯಲು ಆ ಪೆನ್ನು, ನೋಟ್‌ಬುಕ್ಕಿನ ಸುದ್ದಿ ಸಾಕು. ಇಂಥ ಸಾಮಾಜಿಕ ಬಹಿಷ್ಕಾರವನ್ನು ನೆರೆಯ ಮಹಾರಾಷ್ಟ್ರ 2016ರಲ್ಲೇ ಪ್ರತ್ಯೇಕ ಅಪರಾಧವೆಂದು ಕಾನೂನು ಮಾಡಿತ್ತು.

ಕಾನೂನಿನ ಕಡೆ ಬಂದರೆ, ಕರ್ನಾಟಕ ಏನೂ ಮಾಡಿಲ್ಲ ಎನ್ನುವುದು ಸುಳ್ಳಾಗುತ್ತದೆ. ರಾಯಚೂರು ಜಿಲ್ಲೆಯ ಮಲದಕಲ್ಲಿನವರಾದ ನ್ಯಾಯಮೂರ್ತಿ ಶಿವರಾಜ ವಿ. ಪಾಟೀಲರ ಸಮಿತಿ 2011ರಲ್ಲಿ ಬಾಲ್ಯವಿವಾಹದ ಬಗ್ಗೆ ವರದಿ ಕೊಟ್ಟಿತು. ಈ ಸೀಮೆಯ ಬಿಸಿಲು ಕಂಡವರು ಬರೆದ ವರದಿ ಅದು. 2006ರ ಕೇಂದ್ರ ಕಾಯ್ದೆಯಲ್ಲಿ ಬಾಲ್ಯವಿವಾಹ ತಾನಾಗಿಯೇ ರದ್ದಾಗುವುದಿಲ್ಲ, ಹುಡುಗಿಯೇ ಕೋರ್ಟಿಗೆ ಹೋಗಿ ರದ್ದು ಮಾಡಿಸಬೇಕು. ಕರ್ನಾಟಕದ ತಿದ್ದುಪಡಿ ಅಂಥ ಮದುವೆ ಆರಂಭದಿಂದಲೇ ಅಸಿಂಧು ಎಂದಿತು. 2017ರ ಅಕ್ಟೋಬರ್ 11ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮೆಚ್ಚಿ, ಉಳಿದ ರಾಜ್ಯಗಳೂ ಅನುಸರಿಸಲಿ ಎಂದಿತು. ಆದರೆ ಹಂದರದ ಹತ್ತಿರ ಆಗುವುದೇನು? 1098ಕ್ಕೆ ಯಾರೋ ಫೋನ್ ಮಾಡುತ್ತಾರೆ. ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಜೀಪು, ಹಿಂದೆ ಪೊಲೀಸರು, ಅಂಗನವಾಡಿ ಕಾರ್ಯಕರ್ತೆ, ಪಿಡಿಒ ಬರುತ್ತಾರೆ. ಶಾಲೆಯ ಟಿಸಿ ಒಂದು ತಾರೀಖು ಹೇಳುತ್ತದೆ, ಆಧಾರ್ ಕಾರ್ಡು ಇನ್ನೊಂದು. ಗದ್ದಲ, ಅಳು, ಕೊನೆಗೆ ಬಿಳಿ ಹಾಳೆಯ ಮೇಲೆ ಮುಚ್ಚಳಿಕೆ: ಮಗಳಿಗೆ 18 ವರ್ಷ ತುಂಬುವ ತನಕ ಮದುವೆ ಮಾಡುವುದಿಲ್ಲ. ಕೆಳಗೆ ಅಪ್ಪನ ರುಜು, ಅವ್ವನ ಹೆಬ್ಬೆಟ್ಟು, ಸಾಕ್ಷಿಗೆ ಪಂಚಾಯಿತಿ ಮೆಂಬರು. ಅಂಗನವಾಡಿ ಕಾರ್ಯಕರ್ತೆ ಮರುದಿನ ಅದೇ ಊರಲ್ಲಿ ಬಾಳಬೇಕು. ಫೋನ್ ಮಾಡಿದ್ದು ಅವಳೇ ಎಂದು ಓಣಿಯವರು ಗುಮಾನಿ ಪಡುತ್ತಾರೆ.

ಆ ಮುಚ್ಚಳಿಕೆಯ ಒಕ್ಕಣೆಯನ್ನು ಮತ್ತೊಮ್ಮೆ ಓದಿ. ಅದು ಮದುವೆಯನ್ನು ತಡೆಯುತ್ತದೆ, ತಾರೀಖಿನವರೆಗೆ. ಹದಿನೆಂಟು ತುಂಬಿದ ಮರುವಾರ ಅದೇ ವರ, ಅದೇ ಹಂದರ. ಆಗ ಜೀಪು ಬರುವುದಿಲ್ಲ. ಹೆಣ್ಣು ಮಗುವಿನ ಹೆಸರಲ್ಲಿ ಬಾಂಡು ಕೊಡುವ, 2006ರಲ್ಲಿ ಶುರುವಾದ ಭಾಗ್ಯಲಕ್ಷ್ಮಿ ಯೋಜನೆಯೂ ಹದಿನೆಂಟನ್ನೇ ಗಡಿಯಾಗಿ ಇಟ್ಟಿತು. ಬಾಂಡಿನ ದುಡ್ಡು ಮದುವೆಯ ಖರ್ಚಿಗೆ ಎಂದೇ ಎಷ್ಟೋ ಮನೆಗಳು ತಿಳಿದುಕೊಂಡವು. 2021ರ ಡಿಸೆಂಬರ್‌ನಲ್ಲಿ ಹೆಣ್ಣಿನ ಮದುವೆಯ ವಯಸ್ಸನ್ನು 21ಕ್ಕೆ ಏರಿಸುವ ಮಸೂದೆ ಲೋಕಸಭೆಗೆ ಬಂದು, ಸದನದ ಅವಧಿ ಮುಗಿದು ಬಿದ್ದುಹೋಯಿತು. ಬಿದ್ದದ್ದೇ ಒಳ್ಳೆಯದಾಯಿತು ಎಂದು ನನ್ನ ಅಭಿಪ್ರಾಯ. ಗಡಿ ಏರಿಸಿದರೆ ತಾನೇ ಆರಿಸಿಕೊಂಡವನ ಜೊತೆ ಹೋದ ಇಪ್ಪತ್ತರ ಹುಡುಗಿಯನ್ನು ಹಿಡಿದು ತರಲು ಅಪ್ಪನಿಗೆ ಇನ್ನೊಂದು ಹಗ್ಗ ಸಿಗುತ್ತಿತ್ತು. ಈಗಲೂ ಕಾನೂನು ಹೆಚ್ಚು ಕೆಲಸ ಮಾಡುವುದು ಆ ದಿಕ್ಕಿನಲ್ಲೇ. ಹೆಣ್ಣನ್ನು ಅಪಹರಿಸಿ ಒತ್ತಾಯದಿಂದ ಮದುವೆ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 87ನೇ ಕಲಮಿನಲ್ಲಿ ಹತ್ತು ವರ್ಷದವರೆಗಿನ ಶಿಕ್ಷೆಯ ಅಪರಾಧ. ಓಡಿಹೋದವಳ ತಂದೆ ಈ ಕಲಮನ್ನು ಹಿಡಿದು ಠಾಣೆಗೆ ಹೋಗುತ್ತಾನೆ. ಒತ್ತಾಯಕ್ಕೆ ಸಿಕ್ಕವಳು ಹೋದದ್ದನ್ನು ನಾನಂತೂ ಕಂಡಿಲ್ಲ. ಅವಳ ಅಪರಾಧಿಗಳು ಅವಳಿಗೆ ತಲೆ ಬಾಚಿ ಹೂ ಮುಡಿಸಿದವರೇ.

ವಯಸ್ಕರ ಇಚ್ಛೆಯ ಬಗ್ಗೆ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿಯೇ ಮಾತಾಡಿದೆ. 2018ರ ಮಾರ್ಚ್ 27ರ ಶಕ್ತಿ ವಾಹಿನಿ ತೀರ್ಪಿನಲ್ಲಿ ಜಿಲ್ಲೆಗೊಂದು ವಿಶೇಷ ಘಟಕ, ಸಹಾಯವಾಣಿ, ಬೆದರಿಕೆ ಇರುವ ಜೋಡಿಗಳಿಗೆ ಸುರಕ್ಷಿತ ವಸತಿ ಇರಲಿ ಎಂದಿತು. 2021ರ ಫೆಬ್ರವರಿಯಲ್ಲಿ ಬೆಳಗಾವಿ ಜಿಲ್ಲೆಯ ಮುರಗೋಡ ಠಾಣೆಯ ಪ್ರಕರಣದಲ್ಲಿ, ಇಬ್ಬರು ವಯಸ್ಕರು ಒಪ್ಪಿದ ಮೇಲೆ ಕುಟುಂಬದ್ದಾಗಲಿ ಕುಲದ್ದಾಗಲಿ ಒಪ್ಪಿಗೆ ಬೇಕಿಲ್ಲ ಎಂದಿತು. ದೂರ ಹೋಗಿ ಮದುವೆಯಾದ ಉಪನ್ಯಾಸಕಿಯನ್ನು ಹೇಳಿಕೆಗೆ ಊರಿಗೆ ಬಾ ಎಂದು ಕರೆದ ತನಿಖಾಧಿಕಾರಿಗೆ ತಿಳಿವಳಿಕೆ ಬೇಕೆಂದಿತು. ಇವೆಲ್ಲ ಬೇಕಾದವನನ್ನು ಮದುವೆಯಾದವಳಿಗೆ ಆಸರೆ. ಬೇಡವಾದವನಿಗೆ ಕೊಡಲಾಗುತ್ತಿರುವ, ಯಾರನ್ನೂ ಪ್ರೀತಿಸದ, ಸುಮ್ಮನೆ ಓದಬೇಕು ಎನ್ನುವ ಹತ್ತೊಂಬತ್ತರ ಹುಡುಗಿಗೆ ಏನಿದೆ? ಹಿಂದೂ ವಿವಾಹ ಕಾಯ್ದೆಯ 12ನೇ ಕಲಮಿನಲ್ಲಿ ಒತ್ತಾಯದ ಮದುವೆ ರದ್ದು ಮಾಡಿಸಬಹುದು, ಒತ್ತಾಯ ನಿಂತ ಒಂದು ವರ್ಷದೊಳಗೆ. ಆ ವರ್ಷ ನಮ್ಮ ಹುಡುಗಿಯರು ಸಾಮಾನ್ಯವಾಗಿ ಬಸುರಿಯಾಗಿರುತ್ತಾರೆ. ಬ್ರಿಟನ್ 2007ರಲ್ಲಿ ಮಾಡಿದ ಕಾನೂನಿನಲ್ಲಿ ಮದುವೆಗೆ ಮೊದಲೇ ನ್ಯಾಯಾಲಯದಿಂದ ರಕ್ಷಣಾ ಆದೇಶ ಪಡೆಯಬಹುದು. ಒತ್ತಾಯ ಎಂದರೆ ಹೊಡೆತವಷ್ಟೇ ಅಲ್ಲ, ಬೆದರಿಕೆ, ಮಾನಸಿಕ ಒತ್ತಡವೂ ಹೌದು ಎಂದು ಅಲ್ಲಿ ಬರೆದಿದ್ದಾರೆ. ಅಜ್ಜಿಯ ಉಪವಾಸವನ್ನು, ಅವ್ವ ಕೈ ಮುಗಿಯುವುದನ್ನು ಕಾನೂನಿನ ಮಾತಿಗೆ ತಂದವರು ಅವರು.

ಹುಡುಗಿಯನ್ನು ಕೇಳದಿರುವುದು ನಮ್ಮಲ್ಲಿ ಇಂದಿನದಲ್ಲ. ಕಲ್ಯಾಣದ ಕಥೆ ನಮಗೆಲ್ಲ ಗೊತ್ತು. ಹನ್ನೆರಡನೇ ಶತಮಾನದಲ್ಲಿ ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸ ಮಗಳನ್ನು ಕೊಟ್ಟ, ದೊರೆ ಬಿಜ್ಜಳ ಇಬ್ಬರು ತಂದೆಯರಿಗೆ ಎಳೆಹೂಟೆ ಶಿಕ್ಷೆ ಕೊಟ್ಟ. ನಮ್ಮ ವಿಭಾಗಕ್ಕೆ ಹೆಸರು ಕೊಟ್ಟ ಊರಲ್ಲೇ ನಡೆದದ್ದೆಂದು ಪ್ರತೀತಿ. ಲಂಕೇಶರ ಸಂಕ್ರಾಂತಿ, ಕಾರ್ನಾಡರ ತಲೆದಂಡ ಆ ಕಾಲದ ಕಲ್ಯಾಣದ ಮೇಲೆಯೇ ನಿಂತ ನಾಟಕಗಳು. ಅಪ್ಪಂದಿರ ಹೆಸರು ಎಂಟು ನೂರು ವರ್ಷ ಉಳಿಯಿತು. ಮಧುವರಸನ ಮಗಳನ್ನು ಒಬ್ಬರು ಲಾವಣ್ಯ ಎನ್ನುತ್ತಾರೆ, ಇನ್ನೊಬ್ಬರು ಕಲಾವತಿ ಎನ್ನುತ್ತಾರೆ. ಆ ಕ್ರಾಂತಿಯ ಮದುವೆಗೆ ಅವಳ ಮನಸ್ಸಿತ್ತೇ, ಎಳೆಹೂಟೆಯ ಮರುದಿನ ಅವಳ ಪಾಡೇನಾಯಿತು ಎಂಬ ಮಾತು ನಾನು ಕೇಳಿದ ಯಾವ ಕಥೆಯಲ್ಲೂ ಮುಖ್ಯವಾಗಲಿಲ್ಲ. ಅಂತರ್ಜಾತಿ ಮದುವೆಯ ಬಗ್ಗೆ ಭಾಷಣ ಮಾಡುವಾಗ ನಾವೂ ಹರಳಯ್ಯ, ಮಧುವರಸರನ್ನು ನೆನೆದು ಕುಳಿತುಬಿಡುತ್ತೇವೆ.

"ನಿನಗೆ ಮನಸ್ಸು ಅದ ಏನು?" ಎಂಬ ಆ ಪ್ರಶ್ನೆ ನಮ್ಮ ದೇಶದ ಕಾನೂನಿನಲ್ಲೂ ಒಂದು ಕಡೆ ಅಚ್ಚಾಗಿದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಗಂಡನ ಹೊಡೆತಕ್ಕೆ ಎಂದೇ ಎಲ್ಲರೂ ತಿಳಿದಿದ್ದಾರೆ. ತವರು ಮನೆಯ ಮಗಳಿಗೂ ಅದು ಅನ್ವಯಿಸುತ್ತದೆ. 2016ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ 'ವಯಸ್ಕ ಪುರುಷ' ಎಂಬ ಪದಗಳನ್ನು ತೆಗೆದುಹಾಕಿದ ಮೇಲೆ ಮನೆಯ ಹೆಂಗಸರ ಮೇಲೂ ಆದೇಶ ಪಡೆಯಬಹುದು. ಆ ಕಾಯ್ದೆಯ ನಿಯಮಗಳ ಜೊತೆ ಬರುವ ಒಂದನೇ ನಮೂನೆಯಲ್ಲಿ, ಮಾತಿನ ಮತ್ತು ಭಾವನಾತ್ಮಕ ಹಿಂಸೆಯ ಪಟ್ಟಿಯೊಳಗೆ, ಇಷ್ಟಪಟ್ಟವರನ್ನು ಮದುವೆಯಾಗದಂತೆ ತಡೆಯುವುದು, ತಾವು ಹೇಳಿದವರನ್ನೇ ಮದುವೆಯಾಗು ಎಂದು ಒತ್ತಾಯಿಸುವುದು ಎಂಬ ಸಾಲುಗಳಿವೆ. ಅದನ್ನು ತುಂಬಿ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕಾದವರು ರಕ್ಷಣಾಧಿಕಾರಿ. ನಮ್ಮ ರಾಜ್ಯದಲ್ಲಿ ಆ ಕೆಲಸ ಇರುವುದು ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ಅಂದರೆ ಹಂದರಕ್ಕೆ ಜೀಪಿನಲ್ಲಿ ಬರುವ ಅದೇ ಅಧಿಕಾರಿಗೆ. ಮುಚ್ಚಳಿಕೆ ಬರೆಸಿದ ದಿನವೇ ಹುಡುಗಿಯನ್ನು ಅಪ್ಪ, ಅವ್ವ, ಮಾವಂದಿರಿಂದ ದೂರ ಕೂರಿಸಿ ಆ ಸಾಲುಗಳನ್ನು ಕನ್ನಡದಲ್ಲಿ ಓದಿ ಹೇಳಬಹುದು. ಹದಿನೆಂಟು ತುಂಬಿದ ಮೇಲೆ ಬಂದರೂ ಈ ಬಾಗಿಲು ಇದೆ, 181ಕ್ಕೆ ಫೋನ್ ಮಾಡಿದರೂ ಆದೀತು ಎಂದು ಅವಳ ಕೈಗೆ ಬರೆದು ಕೊಡಬಹುದು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ; ಸುರಪುರದಿಂದ ಯಾದಗಿರಿಗೆ ಬರಲು ಅವಳಿಗೆ ಬಸ್ಸಿನ ದುಡ್ಡೂ ಬೇಕಾಗಿಲ್ಲ.